ಕಲಂ ಹದಿನಾಲ್ಕು

ಅರ್ಜಿ ಬಿಡಿಸಿದ ಕೂಡಲೇ ಸೀನು ಬಂತು.
ಮೊದಲು ನನಗೆ, ಆಮೇಲೆ ಪಕ್ಕದ ಮೇಜಿನ ಕುಲಕರ್ಣಿಗೆ,
ಕಡೆಗೆ ಗಾಜಿನಾಚೆ ಕೂತ ಸಾಹೇಬರಿಗೂ.
ತಾಳಿಕೋಟಿಯ ದಾವಲಬಿ ನದಾಫ
ಸೆರಗು ಬಾಯಿಗಿಟ್ಟು ನಕ್ಕಳು:
"ಏನ್ ಮಾಡ್ಲಿರಿ, ಹಾಳಿ ಇಡಾಕ ಮನ್ಯಾಗ ಬ್ಯಾರೆ ಜಾಗಾ ಇಲ್ಲ.
ಖಾರದ ಡಬ್ಬಿ ಮ್ಯಾಲ ಇಟ್ಟಿದ್ದೆ."

ಹನ್ನೊಂದು ಹಾಳೆ.
ಆಧಾರ, ರೇಷನ್ನು, ಜಾತಿ, ಆದಾಯ,
ಗಂಡ ತೀರಿದ್ದಕ್ಕೊಂದು, ಬಾಡಿಗೆ ಖೋಲಿಗೊಂದು,
ಮೇಲೆ ಡಂಕಿ ಮಷೀನಿನ ಕೊಟೇಶನ್ನು:
ಐದು ಎಚ್‌ಪಿ ಮೋಟಾರು, ನಾಲ್ಕು ಕಬ್ಬಿಣದ ಒನಕೆ,
ಸಾಗಾಣಿಕೆ ಪ್ರತ್ಯೇಕ.

ನಾನು ಕೇಳುತ್ತ ಹೋದೆ, ತುಂಬುತ್ತ ಹೋದೆ.
ಕಲಂ ಹದಿನಾಲ್ಕು. ಸದರಿ ಉದ್ಯಮದಲ್ಲಿ ಪೂರ್ವಾನುಭವ.
ಸರ್ಟಿಫಿಕೇಟು ಇದೆಯೇ?
ಅವಳು ಎರಡೂ ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟಳು.
"ಇಪ್ಪತ್ತೆರಡು ಬ್ಯಾಸಗಿ ಮಂದಿ ಅಂಗಳದಾಗ ಕುಟ್ಟೀನ್ರಿ.
ಯಾರ ಮನಿಗೆ ಲವಂಗ ಎಷ್ಟು,
ಯಾರಿಗೆ ದಗಡಹೂ ಆಗಂಗಿಲ್ಲ,
ಯಾರ ಮಗಳು ಬಾಣಂತಿ, ಬಳ್ಳೊಳ್ಳಿ ಒಂದ್ ಹಿಡಿ ಹೆಚ್ಚಿಗಿ,
ಎಲ್ಲಾ ತಲ್ಯಾಗ ಐತಿ."
ಅಂಗೈ ಲಗತ್ತಿಸುವ ಜಾಗ ಅರ್ಜಿಯಲ್ಲಿ ಇರಲಿಲ್ಲ.
ಬರೆದೆ: ಇಲ್ಲ.

"ಜಾಮೀನು?"
"ಯಾರೂ ನಿಲ್ಲಂಗಿಲ್ರಿ. ಭಾವನ ಕೇಳಿದೆ,
ಪೆನ್ನೇ ಇಲ್ಲಂದ."
ಹಾಗಾದರೆ ಸರಕಾರ ನಿಲ್ಲುತ್ತದೆ, ಅಂದೆ.
ಅವಳು ನನ್ನ ಬೆನ್ನ ಹಿಂದಿನ ಕ್ಯಾಲೆಂಡರು ನೋಡಿದಳು,
ಅದರ ಮೂಲೆಯ ಎರಡು ತಲೆಯ ಹಕ್ಕಿಯನ್ನು.
"ಇದಾ?"
"ಅದೇ."
"ನನ್ನ ಮಾರಿ ನೋಡಿಲ್ಲ, ಓಣಿ ನೋಡಿಲ್ಲ.
ಹೆಂಗ್ರಿ ನಂಬೂದು?"
ಹನ್ನೊಂದೂ ಹಾಳೆ ಎಣಿಸಿ ತೋರಿಸಿದೆ.
"ಓ," ಅಂದಳು. "ನಂಬಿಲ್ಲ ಹಂಗಾರ."

ನಾಲ್ಕು ಸಲ ಬಸ್ಸು ಹತ್ತಿ ಬಂದಳು.
ಒಂದು ಸಲ ಸಹಿ ತಪ್ಪಿತ್ತು, ಒಂದು ಸಲ ಸಾಹೇಬರು ರಜೆ,
ಒಂದು ಸಲ ಆಧಾರದಲ್ಲಿ ನದಾಫ, ಬ್ಯಾಂಕಿನಲ್ಲಿ ನದಾಪ.
ಆ ಒಂದು ಚುಕ್ಕಿಯಷ್ಟು ಉಸಿರಿಗೆ
ಹದಿನೆಂಟು ದಿನ ಹೋಯಿತು.

ಮಾರ್ಚಿನಲ್ಲಿ ತಪಾಸಣೆಗೆ ಹೋದೆ.
ಓಣಿಯ ಬಾಯಿಗೇ ಕೆಮ್ಮು ಶುರುವಾಗಿ ದಾರಿ ಕೇಳಬೇಕಾಗಲಿಲ್ಲ.
ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿದ್ದವು,
ಅವುಗಳ ಒಡತಿಯರು ನೆರಳಿನಲ್ಲಿ.
ನಾಲ್ಕು ಒನಕೆ ಏಳುತ್ತಿದ್ದವು, ಬೀಳುತ್ತಿದ್ದವು,
ಒಂದಕ್ಕೊಂದು ಮಾತು ಕೊಡದೆ.
ನನ್ನ ಕೆಲಸ ಇಷ್ಟೇ: ಯಂತ್ರ ಇದೆಯೇ, ಅದರ ಪಕ್ಕ ಅವಳಿದ್ದಾಳೆಯೇ,
ಫೋಟೋದಲ್ಲಿ ಇಬ್ಬರೂ ಬಂದರೇ.
ಅವಳು ಮೋಟಾರು ನಿಲ್ಲಿಸಿ ಚಿಟಿಕೆ ಖಾರ ಬೆರಳಲ್ಲಿ ತಿಕ್ಕಿ
ಕೆಲಸದ ಹುಡುಗಿಗೆ ಹೇಳಿದಳು,
"ಇನ್ನ ಎರಡ್ ನಿಮಿಷ. ಇದಕ್ಕ ಕೈ ಅದಾವ, ಮೂಗಿಲ್ಲ."

ಚಹಾ ಬಂತು. ಅದರಲ್ಲೂ ಸ್ವಲ್ಪ ಖಾರವಿತ್ತು.
"ಕಂತು ಕಟ್ಟೀನ್ರಿ, ಐದೂ.
ಭಾವನ ಹೆಂಡತಿ ಹತ್ತು ಕಿಲೋ ತಂದಿದ್ಲು ನಿನ್ನೆ.
ಭುಜಾ ಈಗ ರಾತ್ರಿ ಮಲಗ್ತೈತಿ."
ಆಮೇಲೆ, ಬಸಿಗೆ ಬಾಯಿಗೆ ಹಿಡಿದ ನನ್ನನ್ನೇ ನೋಡುತ್ತ,
"ಆ ಹದಿನಾಕನೇದ್ರಾಗ ಏನ್ ಬರದ್ರಿ?
ನನಗ ಓದಾಕ ಬರಂಗಿಲ್ಲ. ಎಣಸಾಕ ಬರತೈತಿ.
ಇಪ್ಪತ್ತೆರಡು ವರ್ಷಕ್ಕ
ಎರಡ ಅಕ್ಷರಾ ಬರದ್ರಿ."

ವಿಜಯಪುರಕ್ಕೆ ಬಂದವನು ಕಂಪ್ಯೂಟರು ತೆರೆದೆ.
ಮಂಜೂರಾದ ಅರ್ಜಿ ತಿದ್ದಲು ಅವಕಾಶವಿಲ್ಲ, ಎಂದಿತು ಪರದೆ.
ಎರಡು ಸಲ ಒತ್ತಿದೆ. ಎರಡು ಸಲವೂ ಅದನ್ನೇ ಎಂದಿತು.
ಕಪಾಟಿನಿಂದ ಕಾಗದದ ಫೈಲು ಇಳಿಸಿದೆ,
ದಾರ ಬಿಚ್ಚಿದೆ, ಪೆನ್ನಿನ ಮುಚ್ಚಳ ತೆಗೆದೆ.
ತೆಗೆದು, ತಿದ್ದಲಿಕ್ಕೆ ಬಗ್ಗಿದೆನೋ ಇಲ್ಲವೋ,
ಸೀನು.

ಕುಲಕರ್ಣಿ ತಲೆ ಎತ್ತಲಿಲ್ಲ.
"ನದಾಫ ಫೈಲಾ?" ಅಂದ.